ಗಿರಾಕಿ ಕಳೆದುಕೊಂಡವನ ದಾವೆ

ವ್ಯಾಪಾರದ ಪೈಪೋಟಿಯಲ್ಲಿ ಸೋತವನು ಗೆದ್ದವನಿಂದ ನಷ್ಟಪರಿಹಾರ ಕೇಳಬಹುದೇ ಎಂಬ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಆರು ಶತಮಾನಗಳಷ್ಟು ಹಳೆಯದು. 1410ರಲ್ಲಿ ಗ್ಲಾಸ್ಟರ್ ಪಟ್ಟಣದ ಇಬ್ಬರು ಉಪಾಧ್ಯಾಯರು ದಾವೆ ಹೂಡಿದರು. ಅದೇ ಊರಲ್ಲಿ ಇನ್ನೊಬ್ಬ ಶಾಲೆ ತೆರೆದಿದ್ದರಿಂದ, ಮಗುವೊಂದಕ್ಕೆ ಮೂರು ತಿಂಗಳಿಗೆ 40 ಪೆನ್ನಿವರೆಗೂ ಬರುತ್ತಿದ್ದ ಶುಲ್ಕ 12 ಪೆನ್ನಿಗೆ ಇಳಿದಿತ್ತು. ನಷ್ಟವೇನೋ ನಿಜ, ಆದರೆ ಕಾನೂನು ಕಾಯುವ ಹಕ್ಕು ಯಾವುದಕ್ಕೂ ಧಕ್ಕೆಯಾಗಿಲ್ಲವೆಂದು ದಾವೆ ಬಿದ್ದುಹೋಯಿತು. ನ್ಯಾಯಮೂರ್ತಿ ಹ್ಯಾಂಕ್‌ಫೋರ್ಡ್ ಆಗ ಹಿಟ್ಟಿನ ಗಿರಣಿಯ ಉದಾಹರಣೆ ಕೊಟ್ಟರು: ನೆರೆಯವನು ಇನ್ನೊಂದು ಗಿರಣಿ ಹಾಕಿದ್ದರಿಂದ ಒಬ್ಬನ ಗಿರಣಿಯ ಆದಾಯ ಕುಗ್ಗಿದರೆ ದೂರಿಗೆ ಆಧಾರವಿಲ್ಲ, ಆ ಗಿರಣಿಗೆ ಹರಿಯುವ ನೀರನ್ನೇ ನೆರೆಯವನು ತಡೆದರೆ ಉಂಟು. ಈ ವಿಷಯದ ಟಾರ್ಟ್ ಕಾನೂನೆಲ್ಲ, ಅಂದರೆ ಕರಾರಿನಾಚೆಯ ನಾಗರಿಕ ತಪ್ಪುಗಳ ಕಾನೂನೆಲ್ಲ, ಈ ಒಂದು ಭೇದದ ಮೇಲೆ ಬೆಳೆದಿದೆ.

ನೀರು ತಡೆಯುವಂಥ ತಪ್ಪು ಯಾವುದೆಂಬುದು 1707ರ ಕೀಬಲ್ ಮೊಕದ್ದಮೆಯಲ್ಲಿ ಸ್ಪಷ್ಟವಾಯಿತು. ಕಾಡುಬಾತುಗಳನ್ನು ಸೆಳೆದು ಹಿಡಿಯುವ ಕೊಳವೊಂದನ್ನು ಕೀಬಲ್ ಮಾಡಿಕೊಂಡಿದ್ದ. ಹಿಕರಿಂಗಿಲ್ ಎಂಬವನು ಬಂದೂಕು ಹಾರಿಸಿ ಹಕ್ಕಿಗಳನ್ನು ಬೆದರಿಸಿದ. ಹತ್ತಿರವೇ ತಾನೂ ಅಂಥದೇ ಕೊಳ ತೋಡಿ ಬಾತುಗಳನ್ನು ಸೆಳೆದಿದ್ದರೆ ತಪ್ಪಾಗುತ್ತಿರಲಿಲ್ಲ, ಬೇಕೆಂದೇ ಕಸುಬು ಕೆಡಿಸಿದ್ದು ತಪ್ಪು ಎಂಬುದು ಮುಖ್ಯ ನ್ಯಾಯಮೂರ್ತಿ ಹೋಲ್ಟ್ ಅವರ ವಾದಸರಣಿ. ಕೀಬಲ್‌ಗೆ 20 ಪೌಂಡ್ ಸಿಕ್ಕಿತು.

ನಿಜವಾದ ಸತ್ವಪರೀಕ್ಷೆ ಚೀನಾದ ಚಹಾ ಸಾಗಣೆಯದು. ಹಡಗು ಕಂಪನಿಗಳ ಕೂಟವೊಂದು ತನ್ನ ಹಡಗುಗಳಲ್ಲೇ ಸರಕು ಕಳಿಸುವವರಿಗೆ ಸೇಕಡಾ 5ರಷ್ಟು ಹಣ ಮರಳಿಸುತ್ತಿತ್ತು. 1885ರಲ್ಲಿ ಚೀನಾದ ಹ್ಯಾಂಕೌ ಬಂದರಿಗೆ ಕೂಟದ ಹೊರಗಿನ ಮೊಗಲ್ ಕಂಪನಿಯ ಹಡಗುಗಳು ಬಂದಾಗ, ಕೂಟ ಸಾಗಣೆ ದರವನ್ನು ನಷ್ಟದ ಮಟ್ಟಕ್ಕೆ ಇಳಿಸಿ ಅವನ್ನು ಹೊರದೂಡಲು ನೋಡಿತು. ಮೊಗಲ್ ಹೂಡಿದ ದಾವೆಯಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಕೂಟದ ಪರವಾಗಿ ತೀರ್ಪು ಕೊಟ್ಟಿತು: ಮೋಸವಿಲ್ಲ, ಬೆದರಿಕೆಯಿಲ್ಲ, ಕರಾರು ಮುರಿಯಲು ಯಾರನ್ನೂ ಪ್ರೇರೇಪಿಸಿಲ್ಲ. ತರ್ಕ ಗಟ್ಟಿಯಾದುದೇ, ಆದರೂ ಹಣಬಲದ ಕೂಟಕ್ಕೆ ಅದು ತೀರ ಉದಾರವಾಯಿತು. ದರ ಇಳಿಸಿ ಎದುರಾಳಿಯನ್ನು ಓಡಿಸುವುದು ಕೂಡ ಗಿರಣಿಯ ನೀರು ತಡೆದಂತೆಯೇ.

ಈ ಕೊರತೆಯನ್ನು ಮುಂದೆ ಶಾಸನಗಳು ತುಂಬಬೇಕಾಯಿತು. ಭಾರತದ 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು, ಮಾರುಕಟ್ಟೆಯಲ್ಲಿ ಪ್ರಾಬಲ್ಯವಿರುವ ಸಂಸ್ಥೆ ಎದುರಾಳಿಯನ್ನು ಮುಗಿಸಲು ಉತ್ಪಾದನಾ ವೆಚ್ಚಕ್ಕಿಂತ ಕಡಿಮೆಗೆ ಮಾರುವುದನ್ನು ನಿಷೇಧಿಸುತ್ತದೆ. ಸ್ಪರ್ಧಾ ಆಯೋಗ ಉಲ್ಲಂಘನೆಯನ್ನು ಗುರುತಿಸಿದ ಮೇಲೆ, ನಷ್ಟಕ್ಕೊಳಗಾದವರು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೋರಬಹುದು.