ಗೇಮೆ

ಮಂಡ್ಯ ಸೀಮೆಯಲ್ಲಿ ಸಂಜೆ ಗದ್ದೆಯಿಂದ ಬಂದವರು ‘ಗೇದು ಗೇದು ಸಾಕಾಯ್ತು’ ಎಂದು ಜಗಲಿಯ ಮೇಲೆ ಕೂರುತ್ತಾರೆ. ನಾಟಿ, ಕಳೆ, ಕುಯ್ಲು ಎಲ್ಲವೂ ಗೇಮೆ. ಸೊಂಟ ಬಗ್ಗಬೇಕು, ಬೆವರು ಇಳಿಯಬೇಕು.

ಅನುವಾದಕ್ಕೆ ಕೈಹಚ್ಚಿದ ಹೊಸತು. ನಾನೂ ಅದೇ ಜಗಲಿಯ ಕಂಬಕ್ಕೆ ಒರಗಿದ್ದೆ. ಕಾದಂಬರಿಯ ಸೊಸೆಯೊಬ್ಬಳಿಗೆ ತುಂಬಿದ ಮನೆಯಲ್ಲಿ ‘ಪ್ರೈವಸಿ’ ಇಲ್ಲ. ‘ಖಾಸಗಿತನ’ ಎಂದು ಬರೆದೆ, ಹೊಡೆದು ಹಾಕಿದೆ. ‘ಏಕಾಂತ’ ಎಂದೆ, ಅದು ತಪಸ್ಸಿಗೆ ಕೂತವರ ಮಾತಾಯಿತು. ಅವರೆಕಾಳು ಹಸನು ಮಾಡುತ್ತಿದ್ದ ಅಜ್ಜಿ ಕೇಳಿದಳು: ‘ಯಾಕ್ ಮಗಾ, ಸುಮ್ನೆ ಕುಂತಿದ್ದೀಯ? ಕೆಲ್ಸ ಇಲ್ವಾ?’ ಕೊಂಕಿರಲಿಲ್ಲ, ಮರುಕವಿತ್ತು. ಎರಡು ದಿನದ ಮೇಲೆ ‘ಅವಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿರಲಿಲ್ಲ’ ಎಂದು ಬರೆದೆ. ಪದಕ್ಕಿಷ್ಟು ಎಂಬ ಕರಾರು. ಸಿಕ್ಕಿದ್ದು 5 ಪದದ ದುಡ್ಡು.

ಅಜ್ಜಿಯದು ತಪ್ಪಲ್ಲ, ನಮ್ಮ ನುಡಿಯೇ ದುಡಿಮೆಯನ್ನು ಮೈಯಲ್ಲಿ ಹುಡುಕುತ್ತದೆ. ದುಡಿಯದವನು ಮೈಗಳ್ಳ. ಕಾಯಕದೊಳಗೂ ಕಾಯವಿದೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ: 12ನೇ ಶತಮಾನದ ಈ ಶರಣರನ್ನು ನಾವು ಇಂದು ಓದುವುದು ವಚನಗಳಿಗಾಗಿ, ಹೆಸರಿನ ಮುಂದೆ ನಿಂತಿರುವುದು ದೋಣಿ, ಹಗ್ಗ, ಬಟ್ಟೆ. ಆ ದುಡಿಮೆಗೆ ಸಿಕ್ಕ ಮನ್ನಣೆ ದೊಡ್ಡದು, ನಾನದನ್ನು ಕಿರಿದು ಮಾಡಲಾರೆ. ಆದರೂ ವಚನ ಕಟ್ಟುವುದಕ್ಕೆ ಅಂಥದೊಂದು ಹೆಸರು ಹುಟ್ಟಲಿಲ್ಲವಲ್ಲ ಎಂದು ಆಗಾಗ ಅನಿಸುತ್ತದೆ.

ಗೇಮೆ ಮಾತ್ರ ಮೊದಲಿನಿಂದ ಹೀಗಿರಲಿಲ್ಲ. ಹಳಗನ್ನಡದ ‘ಗೆಯ್’ ಎಂದರೆ ಮಾಡು, ಅಷ್ಟೇ. ಅಪ್ಪಣೆಗೈ, ದಯಗೈ, ಪ್ರಾರ್ಥನೆಗೈ ಎನ್ನುವಾಗ ಇಂದಿಗೂ ಅದೇ ಧಾತು. ಮನಸ್ಸು ಮಾಡುವುದೂ ಅದರೊಳಗಿತ್ತು. ಬರಬರುತ್ತಾ ‘ಗೈ’ ಗ್ರಂಥದ ಪಾಲಾಯಿತು, ಗೇಮೆ ಗದ್ದೆಗೆ ಉಳಿಯಿತು.

ದುಡ್ಡಿನ ಮಾತಿನಲ್ಲೂ ಇದೇ ಬಿರುಕು. ಗದ್ದೆಗೆ ಕೂಲಿ, ಕಚೇರಿಗೆ ಸಂಬಳ, ಬರಹಕ್ಕೆ ಗೌರವಧನ. ಗೌರವ ತೋರಿಸುವುದನ್ನು ಮುಂದಕ್ಕೆ ಹಾಕಬಹುದು, ಕೂಲಿಯನ್ನು ಹಾಗೆ ಹಾಕಲಾಗದು. ‘ನಿಮಗೇನು, ಕೂತು ಬರೆಯೋದು ತಾನೆ?’ ಎಂದು ಒಂದು ಸಂಸ್ಥೆಯವರು ನನ್ನ ಹಣವನ್ನು ವರ್ಷವಿಡೀ ತಳ್ಳಿದರು. ಆ ಮಾತು ಹಣಕ್ಕಿಂತ ಹೆಚ್ಚು ನೋಯಿಸಿತು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ 8 ಸಂಪುಟ. ಮುಗಿಯಲು ದಶಕಗಳೇ ಹಿಡಿದವು. ಶಾಸನದಲ್ಲಿ ಹೇಗೆ ಬಂದಿದೆ, ಕಾವ್ಯದಲ್ಲಿ ಹೇಗೆ ಎಂದು ತೂಗಿ ನೋಡಿ ಒಂದೊಂದು ಅರ್ಥ ಬರೆದಿದ್ದಾರೆ. ಜಿ. ವೆಂಕಟಸುಬ್ಬಯ್ಯನವರೂ ಅವರ ಜೊತೆಗಾರರೂ ಪದವೊಂದರ ಮುಂದೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ ಮಧ್ಯಾಹ್ನಗಳು ಎಷ್ಟಿದ್ದಾವು! ಅಜ್ಜಿ ಇದ್ದಿದ್ದರೆ ಆ ಸಂಪುಟಗಳನ್ನು ಅವಳ ತೊಡೆಯ ಮೇಲಿಟ್ಟು ಹೇಳುತ್ತಿದ್ದೆ: ಇದೂ ಗೇಮೆ ಕಣಜ್ಜಿ.