ಅಂಕಿತದ ಒಡೆತನ

ಒಂದು ರಚನೆ ಯಾರದು ಎಂದು ಸಾರುವ ಕೆಲಸವನ್ನು ಕನ್ನಡದಲ್ಲಿ ಕೃತಿಸ್ವಾಮ್ಯದ ಕಾನೂನು ಬರುವುದಕ್ಕೆ ನೂರಾರು ವರ್ಷ ಮೊದಲಿನಿಂದಲೂ ಅಂಕಿತ ಮಾಡುತ್ತ ಬಂದಿದೆ. ವಚನ, ಕೀರ್ತನೆ, ತತ್ವಪದ ಯಾವುದೇ ಇರಲಿ, ಕೊನೆಯ ಸಾಲಿನಲ್ಲಿ ಬರುವ ಹೆಸರು ಕೇಳಿದ ಮೇಲೆಯೇ ಕೇಳುಗರಿಗೆ ಅದು ಇಂಥವರದೆಂದು ಖಾತ್ರಿಯಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸೀಮೆ ಈ ಪದ್ಧತಿ ಬಹುಕಾಲ ಗಟ್ಟಿಯಾಗಿ ನಿಂತ ನೆಲ. ಆಳಂದ ತಾಲೂಕಿನ ಹೋಬಳಿ ಕೇಂದ್ರವಾದ ಮಾದನಹಿಪ್ಪರಗಾದಿಂದ ಈಶಾನ್ಯಕ್ಕೆ ಬಸವಕಲ್ಯಾಣ, ಪಶ್ಚಿಮಕ್ಕೆ ಗಡಿಯಾಚೆ ಸಿದ್ಧರಾಮನ ಸೊಲ್ಲಾಪುರ. ಇವೆರಡೂ 12ನೆಯ ಶತಮಾನದ ಶರಣರ ಊರುಗಳೇ.

ಶರಣರ ಅಂಕಿತಗಳಲ್ಲಿ ಬಹುಪಾಲು ಇಷ್ಟದೈವದ ಹೆಸರುಗಳು. ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನಿಗೆ ಕಪಿಲಸಿದ್ಧಮಲ್ಲಿಕಾರ್ಜುನ, ಮಡಿವಾಳ ಮಾಚಿದೇವನಿಗೆ ಕಲಿದೇವರದೇವ. ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ ಅಂಬಿಗರ ಚೌಡಯ್ಯನಂಥವರು ವಿರಳ. ಅಂದರೆ ಹೆಸರು ದೇವರದು, ಗುರುತು ಕರ್ತೃವಿನದು. ದೇವಾಲಯದ ಸಂಗಮನಾಥನನ್ನು ಯಾರು ಬೇಕಾದರೂ ಪೂಜಿಸಬಹುದಿತ್ತು. ಆದರೆ ಕೂಡಲಸಂಗಮದೇವ ಎಂದು ವಚನ ಮುಗಿಸಿದರೆ ಅದು ಬಸವಣ್ಣನದೆಂದೇ ಎಣಿಕೆ. ಬೇರೆಯವರು ಆ ಹೆಸರಿಗೆ ಹತ್ತಿರ ಹೋಗಬೇಕೆನಿಸಿದಾಗ ಒಂದು ಪದ ಸೇರಿಸಿ ಅಂತರ ಕಾಯ್ದುಕೊಂಡರು. ಚೆನ್ನಬಸವಣ್ಣ ಕೂಡಲಚೆನ್ನಸಂಗಮದೇವ ಎಂದ. ಹಡಪದ ಅಪ್ಪಣ್ಣ ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂದರೆ, ಅವನ ಹೆಂಡತಿ ಲಿಂಗಮ್ಮ ಅಪ್ಪಣ್ಣಪ್ರಿಯ ಚೆನ್ನಬಸವಣ್ಣ ಎಂದಳು. ಅಮರೇಶ್ವರಲಿಂಗ ಎಂಬುದು ಆಯ್ದಕ್ಕಿ ಮಾರಯ್ಯನ ಅಂಕಿತ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದು ಒಂದೇ ದೈವವನ್ನು ನಂಬಿದ್ದರೂ ಇಬ್ಬರ ಮಾತು ಬೇರೆಬೇರೆಯಾಗಿ ಗುರುತಿಗೆ ಸಿಗಬೇಕೆಂಬ ಎಚ್ಚರ ಇಲ್ಲಿದೆ. ಇಂದಿನ ವ್ಯಾಪಾರಚಿಹ್ನೆಯ ಕಾನೂನು ಒಂದರಂತೆ ಇನ್ನೊಂದು ಕಂಡು ಗಿರಾಕಿಗೆ ಭ್ರಮೆಯಾಗಬಾರದು ಎನ್ನುತ್ತದೆ. ಆ ವಿವೇಕವನ್ನು ಈ ಪ್ರಿಯ ಎಂಬ ಒಂದು ಪದ ಆಗಲೇ ನಿರ್ವಹಿಸಿತ್ತು.

ಇಷ್ಟು ಹತ್ತಿರದ ಹೆಸರುಗಳಲ್ಲಿ ಅಪಾಯವೂ ಇತ್ತು. ತಾಳೆಗರಿಯ ಪ್ರತಿ ಮಾಡುವವನು ಚೆನ್ನ ಎಂಬ ಎರಡು ಅಕ್ಷರ ಬಿಟ್ಟರೆ ಸಾಕು, ಚೆನ್ನಬಸವಣ್ಣನ ವಚನ ಬಸವಣ್ಣನ ಲೆಕ್ಕಕ್ಕೆ ಹೋಗುತ್ತದೆ. ಸರ್ವಜ್ಞನ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಯಾರೋ ಕಟ್ಟಿದ ತ್ರಿಪದಿಗೆ ಕೊನೆಯಲ್ಲಿ ಸರ್ವಜ್ಞ ಎಂದು ಸೇರಿಸಿದರೆ ಅದು ಅವನದೇ ಆಗಿಬಿಡುತ್ತದೆ. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಹೊರತಂದ ಸಂಗ್ರಹದ ನಂತರವೂ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ವಿಚಾರಣೆ ನಿಂತಿಲ್ಲ. ಇದರ ಎದುರು ತುದಿಯಲ್ಲಿ ಹೆಸರು ಅಳಿದು ಅಂಕಿತ ಮಾತ್ರ ಉಳಿದವರಿದ್ದಾರೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಅಂಥ ಅಜ್ಞಾತ ವಚನಕಾರರಿಗೆ ಅಂಕಿತವೊಂದೇ ವಿಳಾಸ.

ಶರಣರ ನಂತರದ ಶತಮಾನಗಳಲ್ಲಿ ಈ ಸೀಮೆಯಲ್ಲಿ ಅಂಕಿತ ದೈವದಿಂದ ಗುರುವಿನ ಕಡೆಗೆ ಸರಿಯಿತು. 17ನೆಯ ಶತಮಾನದ ಜೇವರ್ಗಿಯ ಷಣ್ಮುಖಸ್ವಾಮಿಗಳು ತಮ್ಮ ಗುರು ಅಖಂಡೇಶ್ವರರ ಹೆಸರಿನಲ್ಲೇ ವಚನಗಳನ್ನು ಮುಗಿಸಿದರು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳಿಗೆ ಗುರು ಮಹಾಂತನ ಅಂಕಿತ. ಅವರ ಶಿಷ್ಯಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬರಂಥ ಮುಸ್ಲಿಮರೂ ಇದ್ದರು. ಮಡಿವಾಳಪ್ಪನವರ ಪದಗಳು ಪುಸ್ತಕದಿಂದ ಹರಡಿದವಲ್ಲ. ಅಮಾವಾಸ್ಯೆಯ ಭಜನೆಗಳಲ್ಲಿ ಏಕತಾರಿ, ತಾಳ, ದಮ್ಮಡಿಯ ಜೊತೆ ಬಾಯಿಂದ ಬಾಯಿಗೆ ಬಂದವು. ಹಾಡುವವರು ನಡುವಿನ ನುಡಿಯನ್ನು ಮರೆಯಬಹುದು, ಹೆಚ್ಚುಕಡಿಮೆ ಮಾಡಬಹುದು. ಅಂಕಿತದ ನುಡಿಯನ್ನು ಬಿಡುವಂತಿಲ್ಲ. ಬಿಟ್ಟರೆ ಪದ ಅನಾಥವಾಗುತ್ತದೆ. ಹಾಡುಗಾರರು ಬರೆದಿಡದೆ ಪಾಲಿಸಿದ ಈ ನಿಯಮವೇ ಇಂದು ಸಂಪಾದಕರ ಕೈಗೆ ಸಿಕ್ಕಿರುವ ಬಲವಾದ ಆಧಾರ.

ಹರಿದಾಸರಲ್ಲಿ ಅಂಕಿತ ಇನ್ನೂ ವಿಧಿಬದ್ಧ. ಶಿಷ್ಯ ತಾನಾಗಿ ಅದನ್ನು ಆರಿಸಿಕೊಳ್ಳುವುದಿಲ್ಲ, ಗುರು ದಯಪಾಲಿಸಬೇಕು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಸಾಲಿನಲ್ಲಿ ವಿಠಲ ಎಲ್ಲರಿಗೂ ಸಮಾನ, ಅದರ ಮೊದಲಿನ ಪದ ಒಬ್ಬೊಬ್ಬರಿಗೆ ಮೀಸಲು.

ಆಧುನಿಕ ಕಾನೂನಿನ ದಾರಿ ಬೇರೆ. ಬ್ರಿಟಿಷ್ ಭಾರತದ 1914ರ ಕಾಯ್ದೆಯ ಜಾಗಕ್ಕೆ ಬಂದ 1957ರ ಕೃತಿಸ್ವಾಮ್ಯ ಕಾಯ್ದೆ ರಚನೆಯನ್ನು ಕಾಯುತ್ತದೆ, ಬರಿಯ ಹೆಸರನ್ನಲ್ಲ. ಮೊದಲು ಲೇಖಕರ ಮರಣಾನಂತರ 50 ವರ್ಷವಿದ್ದ ಅವಧಿ 1992ರ ತಿದ್ದುಪಡಿಯಿಂದ 60 ಆಯಿತು. ಗುಪ್ತನಾಮದಲ್ಲಿ ಬಂದ ಕೃತಿಗೆ ಪ್ರಕಟವಾದಂದಿನಿಂದ 60 ವರ್ಷ. ಆ ಅವಧಿಯೊಳಗೆ ಬರೆದವರು ಯಾರೆಂದು ಬಯಲಾದರೆ ಎಣಿಕೆ ಅವರ ಮರಣದಿಂದ. ಪುಸ್ತಕದ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2015ರಲ್ಲಿ, ದೇಸಿ ಬಾಯ್ಸ್ ಎಂಬ ಚಿತ್ರದ ಹೆಸರಿನ ಮೇಲೆ ಎದ್ದ ಕೃಷಿಕಾ ಲುಲ್ಲಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಪಾತ್ರದ ಹೆಸರಿನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಪಾತ್ರ ರೂಪ, ಗುಣ, ಕಥೆಗಳಿಂದ ಮೈತುಂಬಿಕೊಂಡಿದ್ದರೆ ಮಾತ್ರ ನ್ಯಾಯಾಲಯದಲ್ಲಿ ವಾದಕ್ಕೆ ಎಡೆ. ನಾಗರಾಜ್ ಎಂಬ ಚಿತ್ರಕಥಾ ನಾಯಕನನ್ನು ಹೋಲುವ ನಾಗೇಶನನ್ನು ಇನ್ನೊಬ್ಬ ಪ್ರಕಾಶಕರು ತಂದಾಗ ದೆಹಲಿ ಹೈಕೋರ್ಟ್ ತಡೆದದ್ದು ಇಂಥ ಸಂದರ್ಭ.

ಹೀಗಾಗಿ ಅಂಕಿತ ಈಗ ಎರಡು ಬಗೆಯ ಬಾಳು ಬಾಳುತ್ತಿದೆ. ಕಲಬುರಗಿಯಲ್ಲಿ ಓದಿದ ಸಿದ್ಧಯ್ಯ ಪುರಾಣಿಕರು ಸ್ವತಂತ್ರಧೀರ ಸಿದ್ಧೇಶ್ವರ ಎಂಬ ಅಂಕಿತದಲ್ಲಿ ಆಧುನಿಕ ವಚನಗಳನ್ನು ಬರೆದರು. ಅವರು 1994ರಲ್ಲಿ ತೀರಿಕೊಂಡದ್ದರಿಂದ ಆ ವಚನಗಳಿಗೆ 2054ರ ಕೊನೆಯವರೆಗೆ ರಕ್ಷಣೆ. 1975ರಲ್ಲಿ ನಿಧನರಾದ ಡಿ.ವಿ.ಜಿ. ಅವರ ಮಂಕುತಿಮ್ಮನ ಕಗ್ಗಕ್ಕೆ 2035ರ ಕೊನೆಯವರೆಗೆ. ಇಲ್ಲಿಯೂ ರಕ್ಷಣೆ ಪದ್ಯಗಳಿಗೆ. ಮಂಕುತಿಮ್ಮ ಎಂಬ ಹೆಸರೊಂದಕ್ಕೇ ಕೃತಿಸ್ವಾಮ್ಯವಿಲ್ಲ. ಬಸವಣ್ಣ, ಷಣ್ಮುಖಸ್ವಾಮಿ, ಮಡಿವಾಳಪ್ಪನವರ ರಚನೆಗಳು ಯಾರು ಬೇಕಾದರೂ ಅಚ್ಚು ಹಾಕಬಹುದಾದ ಸಾರ್ವಜನಿಕ ಸೊತ್ತು. ಹೊಸದಾಗಿ ಮಾಡಿದ ಧ್ವನಿಮುದ್ರಣಕ್ಕೆ ಮಾತ್ರ ಬೇರೆ ಹಕ್ಕುದಾರರಿರುತ್ತಾರೆ.

ಹಾಗಾದರೆ ಹಳೆಯ ಅಂಕಿತವನ್ನು ಬದಲಿಸಬಹುದೇ? ಈ ಪ್ರಶ್ನೆ ನಿಜವಾಗಿಯೇ ನ್ಯಾಯಾಲಯ ಮುಟ್ಟಿತು. ಮಾತೆ ಮಹಾದೇವಿಯವರು ತಮ್ಮ ವಚನ ದೀಪ್ತಿ ಗ್ರಂಥದಲ್ಲಿ ಬಸವಣ್ಣನ ವಚನಗಳ ಕೂಡಲಸಂಗಮದೇವ ಎಂಬುದನ್ನು ತೆಗೆದು ಲಿಂಗದೇವ ಎಂದು ಹಾಕಿದರು. ನಾಡಿನಾದ್ಯಂತ ವಿರೋಧ ಎದ್ದಿತು. 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಜಾ ಮಾಡಿತು. ಗಮನಿಸಬೇಕಾದ ಸಂಗತಿ, ಈ ಆದೇಶಕ್ಕೆ ಆಧಾರವಾದದ್ದು ಕೃತಿಸ್ವಾಮ್ಯವಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವೆನ್ನುತ್ತಿದ್ದ ಅಂದಿನ ದಂಡಸಂಹಿತೆಯ 295ಎ ಕಲಮು. ಅಂಕಿತಕ್ಕೆ ಆದ ಅನ್ಯಾಯವನ್ನು ಸಾಹಿತ್ಯಕ ಅನ್ಯಾಯವೆಂದೇ ಹೇಳಲು ಕಾನೂನಿನಲ್ಲಿ ಸ್ಥಳ ಸಿಗಲಿಲ್ಲ. ಇದು ದೊಡ್ಡ ಕೊರತೆಯೇ. ಅಂಕಿತ ಬದಲಾದರೆ ಭಕ್ತರ ಮನಸ್ಸಷ್ಟೇ ನೋಯುವುದಿಲ್ಲ, ಪಠ್ಯದ ಸಾಕ್ಷ್ಯವೂ ಕೆಡುತ್ತದೆ. 1957ರ ಕಾಯ್ದೆಯ 57ನೆಯ ಕಲಮು ಕೃತಿ ವಿರೂಪಗೊಂಡರೆ ಆಕ್ಷೇಪಿಸುವ ಹಕ್ಕನ್ನು ಕೊಡುತ್ತದಾದರೂ ಅದು ಲೇಖಕರಿಗೆ ಅಥವಾ ಅವರ ಕಾನೂನುಬದ್ಧ ಪ್ರತಿನಿಧಿಗಳಿಗೆ. ಎಂಟು ಶತಮಾನದ ಹಿಂದಿನ ಶರಣರಿಗೆ ಅಂಥ ಪ್ರತಿನಿಧಿ ಎಲ್ಲಿಂದ ಬರಬೇಕು?

ಅಂಕಿತವನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸಿ ಕಾಯುವ ದಾರಿಯೂ ಸುಗಮವಲ್ಲ. 1999ರ ವ್ಯಾಪಾರಚಿಹ್ನೆ ಕಾಯ್ದೆ ಧಾರ್ಮಿಕ ಭಾವನೆಯನ್ನು ನೋಯಿಸಬಹುದಾದ ಚಿಹ್ನೆಗಳನ್ನು ನೋಂದಾಯಿಸುವುದಿಲ್ಲ. ರಾಮಾಯಣ ಎಂಬ ಹೆಸರಿನ ಊದುಬತ್ತಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಪವಿತ್ರ ಗ್ರಂಥದ ಹೆಸರನ್ನು ಒಬ್ಬರೇ ತಮ್ಮ ಸರಕಿನ ಗುರುತಾಗಿ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಿತು. ನೋಂದಣಿ ಸಿಕ್ಕರೂ ಅದು ಸರಕು ಮತ್ತು ಸೇವೆಗೆ ಸಂಬಂಧಿಸಿದ್ದು. ವಚನದ ಕೊನೆಯ ಸಾಲಿನಲ್ಲಿ ಹೆಸರು ಸರಿಯಾಗಿದೆಯೇ ಎಂದು ನೋಡುವ ಅಧಿಕಾರವನ್ನು ಯಾರಿಗೂ ಕೊಡುವುದಿಲ್ಲ. ಆ ಕೆಲಸವನ್ನು ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಪ್ರಕಟಣೆಯಿಂದ ಆರಂಭಿಸಿ ಕೊಟ್ಟರು. ಹಸ್ತಪ್ರತಿಗಳನ್ನು ಒಟ್ಟುಗೂಡಿಸಿ ಪಾಠಾಂತರ ಗುರುತಿಸುವ ಸಂಪಾದಕರು ಮತ್ತು ಪದವನ್ನು ಅಂಕಿತದ ಸಮೇತ ಹಾಡುವ ಭಜನಾ ಮಂಡಳಿಯವರು ಅದನ್ನು ಈಗಲೂ ಮಾಡುತ್ತಿದ್ದಾರೆ.