ಹಿಂದಿನ ಸೀಟಿನ ತೀರ್ಪು

ಸೆಡಾನ್ ಕೊಳ್ಳಲು ಹೊರಟ ಮನೆಯಲ್ಲಿ ಎರಡು ಪಕ್ಷಗಳಿರುತ್ತವೆ. ಒಂದು ಓಡಿಸುವವರದು, ಇನ್ನೊಂದು ಕೂರುವವರದು. ಮೊದಲ ಪಕ್ಷ ಪಿಕಪ್ ಹೇಗಿದೆ ಎಂದು ಕೇಳಿದರೆ, ಎರಡನೆಯದು ಕಾಲು ಚಾಚಲು ಜಾಗವಿದೆಯೇ, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತದೆ ಎಂದು ಕೇಳುತ್ತದೆ. ಪೆಟ್ರೋಲಿಗೆ ದುಡ್ಡು ಕೊಡುವವರದು ಒಂದೇ ಪ್ರಶ್ನೆ: ಲೀಟರಿಗೆ ಎಷ್ಟು ಕೊಡುತ್ತೆ? ಭಾರತದಲ್ಲಿ ಚುರುಕಿನ ಸೆಡಾನ್‌ಗಳು ಗೆದ್ದದ್ದೂ ಸೋತದ್ದೂ ಈ ಜಗಳದಲ್ಲೇ.

ಜಗಳ ಹಳೆಯದು. ಅಂಬಾಸಡರ್ ಹಿಂದೆ ಕೂರುವವರ ಕಾರು. ಮಂತ್ರಿಗಳಿಗೂ ಮದುವೆ ದಿಬ್ಬಣಕ್ಕೂ ಅದೇ ಸರಿ. ಸ್ವತಃ ಓಡಿಸುವವರು ಫಿಯೆಟ್ 1100 ಕಡೆಗೆ ವಾಲುತ್ತಿದ್ದರು. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದು ಇದೇ ಕಾರು. 1089 ಸಿಸಿ ಎಂಜಿನ್, ಸ್ಟೀರಿಂಗ್ ಕಂಬಕ್ಕೆ ಅಂಟಿಕೊಂಡ ಗೇರ್. ಇಂದಿನ ಕಣ್ಣಿಗೆ ಅದರಲ್ಲಿ ಚುರುಕೇನೂ ಕಾಣದು. ಆದರೂ ಮದ್ರಾಸಿನ ಬಳಿಯ ಶೋಲಾವರಂ ವಿಮಾನ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಇಂಥ ಮನೆಬಳಕೆಯ ಕಾರುಗಳೂ ಓಡುತ್ತಿದ್ದವು.

1980ರ ದಶಕದಲ್ಲಿ ವೇಗದ ಆಸೆ ತೋರಿಸಿ ಬಂದ ಎರಡು ಕಾರುಗಳ ಕಥೆ ಸ್ವಲ್ಪ ವಿಚಿತ್ರ. 1984ರ ಕಾಂಟೆಸಾದ ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನದು, ಎಂಜಿನ್ ಮಾತ್ರ ಅಂಬಾಸಡರ್‌ನದೇ 1.5 ಲೀಟರಿನದು. ಸುಮಾರು 50 ಅಶ್ವಶಕ್ತಿಯಲ್ಲಿ ಅಷ್ಟು ದೊಡ್ಡ ದೇಹವನ್ನು ಎಳೆಯಬೇಕು. ಘಾಟಿ ಬಂತೆಂದರೆ ಏದುಸಿರು. ಮರುವರ್ಷ ಮದ್ರಾಸಿನಿಂದ ಬಂದ ಸ್ಟಾಂಡರ್ಡ್ 2000 ಇನ್ನೂ ದೊಡ್ಡ ನಿರಾಸೆ ಮಾಡಿತು. ಹೊರಗೆ ರೋವರ್ ಎಸ್‌ಡಿ1ನ ಚೂಪು ಮೂತಿ, ಒಳಗೆ 1940ರ ದಶಕದ ವ್ಯಾನ್‌ಗಾರ್ಡ್ ವಂಶದ ಎಂಜಿನ್. 1988ರ ಹೊತ್ತಿಗೆ ಅದು ನಿಂತೇ ಹೋಯಿತು. ಕಾಂಟೆಸಾ ಉಳಿದುಕೊಂಡದ್ದು ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನೂ ಐದು ಗೇರೂ ಸೇರಿದ ಮೇಲೆ. ಆಗ ಕೊನೆಗೂ ರೂಪಕ್ಕೆ ತಕ್ಕ ಓಟ ಬಂತು. 1990ರಲ್ಲಿ ಬಂದ ಮಾರುತಿ 1000, ಹೆಸರು ಏನೇ ಹೇಳಲಿ, ಸಾವಿರ ಸಿಸಿಗೂ ತುಸು ಕಡಿಮೆ ಎಂಜಿನ್ನಿನ ಸೆಡಾನ್. ಎಸಿ ಹಾಕಿದರೆ ಪಿಕಪ್ ಮರೆತುಬಿಡಬೇಕಿತ್ತು. 1994ರಲ್ಲಿ ಅದೇ ಮೈಗೆ 1.3 ಲೀಟರ್ ಎಂಜಿನ್ ಕೂರಿಸಿ ಎಸ್ಟೀಮ್ ಎಂದು ಕರೆದಾಗ ಕಥೆಯೇ ಬೇರೆಯಾಯಿತು. ಹಗುರ ಕಾರು, ಸಾಕಷ್ಟು ಶಕ್ತಿ. ರೇಸ್ ಟ್ರ್ಯಾಕಿನಲ್ಲೂ ರ‍್ಯಾಲಿಗಳಲ್ಲೂ ಎಸ್ಟೀಮ್ ವರ್ಷಗಟ್ಟಲೆ ಓಡಿತು, ಆಫೀಸಿಗೂ ಹೋಗಿಬಂತು.

1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸಿನ ಕಟ್ಟು ಹೋದ ಮೇಲೆ ವಿದೇಶಿ ಕಂಪನಿಗಳು ಸಾಲುಗಟ್ಟಿದವು. ಅವುಗಳಲ್ಲಿ ಈ ಕಥೆಗೆ ಮುಖ್ಯವಾದವು ಎರಡು.

ಮೊದಲನೆಯದು 1998ರ ಹೋಂಡಾ ಸಿಟಿ. ಗ್ರೇಟರ್ ನೊಯಿಡಾದಲ್ಲಿ ತಯಾರಾದ ಈ ಕಾರಿನ ತೂಕ ಹೆಚ್ಚುಕಡಿಮೆ ಒಂದು ಟನ್. ಮೊದಲು ಬಂದ 1.5 ಲೀಟರ್ ಎಂಜಿನ್ನಿಗೆ 100 ಅಶ್ವಶಕ್ತಿ. ಕೆಲ ಕಾಲದ ನಂತರದ ವಿಟೆಕ್ ಎಂಜಿನ್ನಿಗೆ 106. ಎಂಜಿನ್ ವೇಗ ಏರಿದಾಗ ವಾಲ್ವ್‌ಗಳು ಹೆಚ್ಚು ತೆರೆದುಕೊಳ್ಳುವ ವ್ಯವಸ್ಥೆ ವಿಟೆಕ್‌ನದು. ಪೇಟೆಯಲ್ಲಿ ಸಾಧುವಾಗಿದ್ದು, ಹೆದ್ದಾರಿಯಲ್ಲಿ ಒತ್ತಿದರೆ ನುಗ್ಗುತ್ತಿತ್ತು. ಇಂದಿಗೂ ಹಳೆಯ ವಿಟೆಕ್ ಸಿಟಿ ಹುಡುಕಿ ಕೊಳ್ಳುವ ಹುಡುಗರಿದ್ದಾರೆ. ಆದರೆ ಸೀಟು ತಗ್ಗು. ಮಂಡಿನೋವಿನ ಹಿರಿಯರು ಹತ್ತಿಳಿಯುವಾಗ ಗೊಣಗುತ್ತಿದ್ದರು. ಐದು ಜನ ಕೂತರೆ ನಮ್ಮ ರಸ್ತೆಗಳ ಹಂಪಿಗೆ ಕಾರಿನ ಅಡಿ ಉಜ್ಜುತ್ತಿತ್ತು.

ಎರಡನೆಯದು 1999ರ ಫೋರ್ಡ್ ಐಕಾನ್. ‘ಜೋಶ್ ಮಷಿನ್’ ಎಂದು ಜಾಹೀರಾತು, 1.6 ಲೀಟರ್ ಎಂಜಿನ್, 90 ದಾಟಿದ ಅಶ್ವಶಕ್ತಿ. ಜಾಹೀರಾತು ನೋಡಿದರೆ ಇದು ಹುಡುಗರ ಕಾರು. ಆದರೆ ಫೋರ್ಡ್ ಎಂಜಿನಿಯರುಗಳು ತಲೆ ಕೆಡಿಸಿಕೊಂಡದ್ದು ಹಿಂದಿನ ಸೀಟಿಗಾಗಿ. ಪೇಟ ಸುತ್ತಿದವರ ತಲೆ ತಾಗದಂತೆ ಮೇಲ್ಛಾವಣಿ ಎತ್ತರಿಸಿದರು, ಸೀರೆ ಉಟ್ಟವರು ಸಲೀಸಾಗಿ ಹತ್ತುವಂತೆ ಬಾಗಿಲು ಅಗಲವಾಗಿ ತೆರೆಯುವ ಹಾಗೆ ಮಾಡಿದರು. ಇಲ್ಲಿ ಯಾರ ಒಪ್ಪಿಗೆ ಬೇಕೆಂಬುದು ಅವರಿಗೆ ಅರ್ಥವಾಗಿತ್ತು. ಪೆಟ್ರೋಲ್ ಕುಡಿಯುತ್ತದೆಂಬ ದೂರು ಮಾತ್ರ 1.6 ಐಕಾನನ್ನು ಕೊನೆವರೆಗೂ ಬಿಡಲಿಲ್ಲ.

2003ರಲ್ಲಿ ಹೋಂಡಾ ಮಾಡಿದ್ದು ಕಾರುಪ್ರಿಯರಿಗೆ ದ್ರೋಹವಾಗಿ ಕಂಡಿತು. ಹೊಸ ಸಿಟಿಗೆ ಅಷ್ಟೇ ಗಾತ್ರದ 1.5 ಲೀಟರ್ ಎಂಜಿನ್, ಶಕ್ತಿ ಮಾತ್ರ 77. ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ ಇಟ್ಟು ಹನಿ ಹನಿ ಪೆಟ್ರೋಲಿನಿಂದಲೂ ದೂರ ಹಿಂಡುವ ಲೆಕ್ಕಾಚಾರ. ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟಿನ ಕೆಳಗೆ ಸರಿಸಿ ಹಿಂದೆ ಜಾಗ ಮಾಡಿದ್ದರು. ಕಾರು ಎತ್ತರವಾಗಿತ್ತು, ಹತ್ತಿಳಿಯುವುದು ಸುಲಭವಾಗಿತ್ತು. ಹಳೆಯ ಸಿಟಿ ಓಡಿಸಿದವರು ಮೂಗು ಮುರಿದರು, ಮನೆಯವರು ಕೊಂಡರು. ಮಾರಾಟದ ಮಟ್ಟಿಗೆ ಹೋಂಡಾ ಲೆಕ್ಕ ತಪ್ಪಲಿಲ್ಲ. ಸಿಟ್ಟಾದವರನ್ನು ಸಮಾಧಾನ ಮಾಡಲು ಆಮೇಲೆ 100 ಅಶ್ವಶಕ್ತಿಯ ವಿಟೆಕ್ ಕೂಡ ಬಂತು. 2008ರ ಮೂರನೇ ಪೀಳಿಗೆಯಲ್ಲಿ ಶಕ್ತಿ 118ಕ್ಕೆ ಏರಿತು. ಜಾಗ, ಮೈಲೇಜು, ಪಿಕಪ್ ಮೂರೂ ಒಂದೇ ಕಾರಿನಲ್ಲಿ ತಕ್ಕಮಟ್ಟಿಗೆ ಸೇರಿದ್ದು ಅಲ್ಲಿಯೇ. ಹಳೆಯ ವಿಟೆಕ್‌ನ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಆದರೆ ದಿನಬಳಕೆಯ ಅಳತೆಯಲ್ಲಿ ಸಿಟಿಗಳ ಪೈಕಿ ಇದೇ ಮೇಲು.

ಅದೇ ಕಾಲದಲ್ಲಿ 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬೇರೊಂದು ದಾರಿ ತೋರಿಸಿತ್ತು. 1.8 ಲೀಟರ್ ಟರ್ಬೊ, 150 ಅಶ್ವಶಕ್ತಿ, ಜೊತೆಗೆ ಹಿಂಗಾಜಿನ ಸಮೇತ ಮೇಲಕ್ಕೆ ತೆರೆದುಕೊಳ್ಳುವ ಬೃಹತ್ ಡಿಕ್ಕಿ. ಓಟಗಾರನಿಗೂ ಸಂಸಾರಿಗೂ ಒಪ್ಪುವ ಕಾರೇ. ಒಪ್ಪದ್ದು ಬಹುಪಾಲು ಜನರ ಕಿಸೆಗೆ.

ಜಗಳಕ್ಕೆ ನಿಜವಾದ ರಾಜಿ ತಂದದ್ದು ಡೀಸೆಲ್. 2006ರ ಹ್ಯುಂಡೈ ವೆರ್ನಾದ 1.5 ಲೀಟರ್ ಸಿಆರ್‌ಡಿಐ ಎಂಜಿನ್ನಿಗೆ 110 ಅಶ್ವಶಕ್ತಿ. ಟರ್ಬೊ ಎಳೆತ ಶುರುವಾದರೆ ಶಿರಾಡಿ ಘಾಟಿಯಲ್ಲಿ ಲಾರಿ ಹಿಂದಿಕ್ಕಲು ಯೋಚಿಸಬೇಕಿರಲಿಲ್ಲ, ಇಂಧನದ ಖರ್ಚೂ ಕಡಿಮೆ. ಸರ್ಕಾರ 2010ರಲ್ಲಿ ಪೆಟ್ರೋಲ್ ಬೆಲೆಯ ನಿಯಂತ್ರಣ ಕೈಬಿಟ್ಟಿತು. ಡೀಸೆಲ್ ನಿಯಂತ್ರಣ 2014ರವರೆಗೂ ಉಳಿದು, ಅದು ಪೆಟ್ರೋಲಿಗಿಂತ ಅಗ್ಗವಾಗಿಯೇ ಇತ್ತು. ನಡುವಿನ ಆ ವರ್ಷಗಳಲ್ಲಿ 1.6 ಡೀಸೆಲ್‌ನ ಹೊಸ ವೆರ್ನಾ ಮೆರೆಯಿತು. ಡೀಸೆಲ್ ಎಂಜಿನ್ ಇಲ್ಲದ ಸಿಟಿ ನೋಡುತ್ತಾ ನಿಲ್ಲಬೇಕಾಯಿತು. ಹೋಂಡಾ ಸಿಟಿಗೆ ಡೀಸೆಲ್ ಕೊಟ್ಟದ್ದು 2014ರಲ್ಲಿ.

ಸರ್ಕಾರದ ಇನ್ನೊಂದು ತೀರ್ಮಾನದ ಪರಿಣಾಮವೂ ಕಡಿಮೆಯದಲ್ಲ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡನೆಯ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಯಿತು. ಅಲ್ಲಿಂದ ಡಿಕ್ಕಿ ಕತ್ತರಿಸಿದ ಸೆಡಾನ್‌ಗಳ ಕಾಲ. ಅದಕ್ಕೆ ಮಣಿಯದೆ 2010ರ ಕೊನೆಯಲ್ಲಿ ಬಿಡದಿಯಿಂದ ಬಂದದ್ದು ಟೊಯೊಟಾ ಎಟಿಯೋಸ್. ನಾಲ್ಕು ಮೀಟರ್ ಮೀರಿದ ಉದ್ದ, 1.5 ಲೀಟರಿನ 90 ಅಶ್ವಶಕ್ತಿ, ಹಗುರ ಮೈ. ಕಂಪನಿ ಅದಕ್ಕಾಗಿ ಒಂದು ರೇಸ್ ಸರಣಿಯನ್ನೂ ನಡೆಸಿತು. ಜನ ಮಾತ್ರ ಅದರಲ್ಲಿ ಕಂಡದ್ದು ಹಿಂದಿನ ಸೀಟನ್ನೂ ಡಿಕ್ಕಿಯನ್ನೂ. ಬೆಂಗಳೂರು ವಿಮಾನ ನಿಲ್ದಾಣದ ಟ್ಯಾಕ್ಸಿ ಸಾಲಿನಲ್ಲಿ ಎಟಿಯೋಸ್ ಎಷ್ಟಿದ್ದವೆಂಬುದು ಆ ದಾರಿಯಲ್ಲಿ ಓಡಾಡಿದವರಿಗೆ ನೆನಪಿರುತ್ತದೆ.

ಈಗ ಡೀಸೆಲ್ ಹಿಂದೆ ಸರಿದು ಪೆಟ್ರೋಲ್ ಟರ್ಬೊ ಮುಂದೆ ಬಂದಿದೆ. 2022ರ ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಎಂಜಿನ್ನಿಗೆ 150 ಅಶ್ವಶಕ್ತಿ, ಮರುವರ್ಷದ ವೆರ್ನಾಗೆ 160. ವರ್ಟಸ್ ಎಂಜಿನ್ ಕಾಲಿನ ಒತ್ತಡ ಕಡಿಮೆಯಿದ್ದಾಗ ನಾಲ್ಕರಲ್ಲಿ ಎರಡು ಸಿಲಿಂಡರ್‌ಗಳನ್ನು ತಾನೇ ನಿಲ್ಲಿಸಿ ಪೆಟ್ರೋಲ್ ಉಳಿಸುತ್ತದೆ. ಆದರೆ ಖರೀದಿದಾರರ ಕಣ್ಣು ಎತ್ತರದ ಎಸ್‌ಯುವಿಗಳತ್ತ ಹೊರಳಿದೆ. ಹಂಪು, ಹೊಂಡ, ಮಂಡಿನೋವು ಎಲ್ಲಕ್ಕೂ ಅಲ್ಲಿ ಉತ್ತರ ಸಿಗುತ್ತದೆಂಬ ನಂಬಿಕೆ.

ಇಷ್ಟಾದರೂ ಚುರುಕಿನ ಸೆಡಾನೇ ಬೇಕೆನ್ನುವವರು ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ನಿಮ್ಮ ಬಡಾವಣೆಯ ಅತಿ ಎತ್ತರದ ಹಂಪಿನ ಮೇಲೆ ಒಮ್ಮೆ ಹತ್ತಿಸಿ ಇಳಿಸಿ. ಆಮೇಲೆ ಒಂದಷ್ಟು ದೂರ ನೀವೂ ಹಿಂದಿನ ಸೀಟಿನಲ್ಲಿ ಕೂತು ನೋಡಿ.